ವಡಾಲದ ಗೋದಲಿಗೆ ಊರಿನ ಭತ್ತ

ಡಿಸೆಂಬರ್ ಇಪ್ಪತ್ತೊಂದರ ಸಂಜೆ ಕುಂದಾಪುರದಲ್ಲಿ ಮುಂಬಯಿ ರೈಲು ಹತ್ತುವಾಗ ನನ್ನ ಬಳಿ ಎರಡು ಚೀಲಗಳ ಜೊತೆಗೆ ಒಂದು ಕಟ್ಟು ಬೈಹುಲ್ಲು ಇತ್ತು. ಸ್ಲೀಪರ್ ಟಿಕೆಟಿಗೆ ಐನೂರರ ಆಸುಪಾಸು ಕೊಟ್ಟಿದ್ದೆ. ಎದುರು ಸೀಟಿನವರು ಹುಲ್ಲನ್ನು ನೋಡಿ, ಮುಂಬಯಿಯಲ್ಲಿ ದನ ಕಟ್ಟಿದ್ದೀರಾ ಎಂದು ಕೇಳಿದರು. ಹೌದು, ನಾಲ್ಕು ಹಾಲು ಕೊಡುತ್ತವೆ ಎಂದೆ. ಅವರು ಕಿಟಕಿಯ ಕಡೆಗೆ ತಿರುಗಿ ಕೂತರು.

ಹುಲ್ಲು ನಮ್ಮ ಲಾರೆನ್ಸಣ್ಣನ ಗೋದಲಿಗೆ. ನಮ್ಮೂರಲ್ಲಿ ಅವರ ಮನೆ, ನಮ್ಮ ಮನೆ ಒಂದೇ ಗದ್ದೆಯ ಎರಡು ಅಂಚಿನಲ್ಲಿದ್ದವು. ಅವರು ಮುಂಬಯಿ ಬಂದರಿನಲ್ಲಿ ಬಡಗಿ ಕೆಲಸ ಮಾಡಿ ನಿವೃತ್ತರಾಗಿ, ಹೆಂಡತಿ ಹಿಲ್ಡಾಬಾಯಿಯ ಜೊತೆ ವಡಾಲದಲ್ಲೇ ಉಳಿದರು. ಕ್ರಿಸ್ಮಸ್ಸಿಗೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯನ್ನು ಮನೆಯಲ್ಲೇ ಮಾಡಿ ಇಡುತ್ತಾರಲ್ಲ, ಅದಕ್ಕೆ ನಮ್ಮ ಕಡೆ ಗೋದಲಿ ಎನ್ನುತ್ತಾರೆ. ಲಾರೆನ್ಸಣ್ಣ ಅದನ್ನು ಇಪ್ಪತ್ತೆರಡು ವರ್ಷಗಳಿಂದ ತಮ್ಮ ಬಿಲ್ಡಿಂಗಿನ ಮೆಟ್ಟಿಲ ಬುಡದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಮಾಡುತ್ತಿದ್ದರು. ಕುರಿಗಳನ್ನು ಜೇಡಿಮಣ್ಣಿನಲ್ಲಿ ಮಾಡುವುದು ನೆಲಮಹಡಿಯ ಮರಾಠಿ ಮನೆಯವರ ಪಾಲು. ಬಿದಿರುಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಕಟ್ಟುವುದು ಮೂರನೇ ಮಹಡಿಯ, ಹೋಟೆಲಿನಲ್ಲಿ ಅಡುಗೆ ಮಾಡುವ ಉಡುಪಿಯವರ ಪಾಲು. ಕೊಟ್ಟಿಗೆಯ ಮುಂದೆ ತಟ್ಟೆಯಲ್ಲಿ ಮಣ್ಣು ಹಾಕಿ ಭತ್ತ ಬಿತ್ತಿ, ಹಬ್ಬದ ಹೊತ್ತಿಗೆ ಗೇಣುದ್ದ ಹಸಿರು ಗದ್ದೆ ಎಬ್ಬಿಸುವುದು ಲಾರೆನ್ಸಣ್ಣನ ಕೆಲಸ. ಮುಂಬಯಿಯ ಅಂಗಡಿಗಳಲ್ಲಿ ನೂರು ಬಗೆಯ ಅಕ್ಕಿ ಇದೆ, ಒಂದು ಹಿಡಿ ಭತ್ತ ಇಲ್ಲ. ಭತ್ತ ಕಳಿಸುವುದು ನನ್ನ ಪಾಲು.

ಈ ವರ್ಷವೂ, ಬಸುರಿ ಮಗಳು ಮನೆಗೆ ಬಂದಿದ್ದ ಗಡಿಬಿಡಿಯಲ್ಲೂ, ಹದಿನೈದು ದಿನ ಮೊದಲೇ ಕೊರಿಯರ್ ಮಾಡಿದ್ದೆ. ರೈಲು ಕಾರವಾರ ಬಿಡುವಾಗ ಹಿಲ್ಡಾಬಾಯಿಯ ಫೋನ್ ಬಂತು. "ಭತ್ತ ಹುಟ್ಲೇ ಇಲ್ಲ ಕಾಣ್ ಗಿರಿಜಾ. ಇವ್ರ್ ತನ್ ಕೈಯೇ ಸರಿ ಇಲ್ಲ ಅಂತ್ರ್."

ನನಗೆ ಮೈಯೆಲ್ಲ ಉರಿಯಿತು. ನಮ್ಮ ಗದ್ದೆಯ ಭತ್ತ ಕಲ್ಲಿನ ಮೇಲೆ ಬಿದ್ದರೂ ಹುಟ್ಟುತ್ತದೆ. ಇವರು ನೀರು ಹೊಯ್ದು ಕೊಳೆಸಿರಬೇಕು, ಇಲ್ಲವೇ ಬಿಸಿಲು ಕಾಣಿಸಿರಲಿಕ್ಕಿಲ್ಲ. ರತ್ನಾಗಿರಿಯವರೆಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಕುರ್ಲಾದ ಟರ್ಮಿನಸ್ಸಿನಲ್ಲಿ ಇಳಿದು, ಪಕ್ಕದ ತಿಲಕ್ ನಗರ ಸ್ಟೇಷನ್ನಿಗೆ ನಡೆದು ಹಾರ್ಬರ್ ಲೈನಿನ ಲೋಕಲ್ ಹಿಡಿದೆ. ವಡಾಲಕ್ಕೆ ಐದು ರೂಪಾಯಿ, ನಾಲ್ಕನೇ ಸ್ಟೇಷನ್. ಊರಲ್ಲಿ ಸೆಕೆ, ಇಲ್ಲಿ ಹೊಗೆ ಬೆರೆತ ತೆಳು ಚಳಿ. ಹೆಂಗಸರ ಡಬ್ಬಿಯಲ್ಲಿ ಒಬ್ಬಳು ಹುಲ್ಲಿನ ಕಟ್ಟನ್ನು ನನ್ನ ತಲೆಯ ಮೇಲೆ ಇಟ್ಟುಕೊಳ್ಳಲು ಹೇಳಿದಳು. ಇಟ್ಟುಕೊಂಡೇ ಇಳಿದೆ.

ಬಿಲ್ಡಿಂಗಿಗೆ ಹೋದರೆ ಅಲ್ಲಿ ಇನ್ನೊಂದು ಸಮಾಚಾರ ಕಾದಿತ್ತು. ಮೆಟ್ಟಿಲ ಬುಡಕ್ಕೆ ಹೊಸ ಟೈಲ್ಸ್ ಹಾಕಿದ್ದರು. ಬಿಲ್ಡಿಂಗಿನ ಕಮಿಟಿಯ ಹೊಸ ಸೆಕ್ರೆಟರಿಗೆ ಟೈಲ್ಸಿನ ಮೇಲೆ ಮಣ್ಣು ಬೇಡ. ಅಂಧೇರಿಯ ಒಂದು ಅಂಗಡಿಯಲ್ಲಿ ಮಡಚಿ ಇಡಬಹುದಾದ ಪ್ಲಾಸ್ಟಿಕ್ ಗೋದಲಿ ಸಿಗುತ್ತದಂತೆ, ಅದನ್ನು ಒಮ್ಮೆ ತಂದರೆ ಹತ್ತು ವರ್ಷ ಚಿಂತೆಯಿಲ್ಲವಂತೆ. ಲಾರೆನ್ಸಣ್ಣ ಕೇಳಿಕೊಂಡ ಮೇಲೆ, ಇಪ್ಪತ್ತೆರಡರ ಸಂಜೆ ಬಂದು ನೋಡುತ್ತೇವೆ, ಗದ್ದೆ ಚೆನ್ನಾಗಿ ಬಂದಿದ್ದರೆ ನಿಮ್ಮದೇ ಇರಲಿ, ಇಲ್ಲದಿದ್ದರೆ ಇನ್ನು ಯಾವ ವರ್ಷವೂ ಬೇಡ ಎಂದು ಕಮಿಟಿಯವರು ಒಪ್ಪಿದ್ದರಂತೆ. ಹಬ್ಬಕ್ಕೂ ಇವರು ಪರೀಕ್ಷೆ ಇಡುತ್ತಾರೆ.

ಸಂಜೆ ಕಮಿಟಿಯ ಐದು ಮಂದಿ ಬಂದು ನಿಂತರು. ಮೂರು ಅಲ್ಯೂಮಿನಿಯಂ ತಟ್ಟೆಗಳಲ್ಲಿ ಕಪ್ಪು ಮಣ್ಣು ಮಾತ್ರ ಇತ್ತು. ಲಾರೆನ್ಸಣ್ಣ ತಲೆ ತಗ್ಗಿಸಿ ನಿಂತಿದ್ದು ನೋಡಿ ನನಗೆ ತಡೆಯಲಾಗಲಿಲ್ಲ. ಬಂಗಾರದಂಥ ಬೀಜ ಕಳಿಸಿದ್ದೆ, ರೈತನ ಮಗನಾಗಿ ಎಪ್ಪತ್ತೆಂಟು ವರ್ಷವಾದರೂ ಒಂದು ತಟ್ಟೆ ಭತ್ತ ಹುಟ್ಟಿಸಲು ಬರುವುದಿಲ್ಲವೇ ಎಂದು ಅಷ್ಟೂ ಜನರ ಎದುರು ಕನ್ನಡದಲ್ಲೂ ಹರಕು ಹಿಂದಿಯಲ್ಲೂ ಬೈದೆ. ಅವರು, "ಹೌದ್ ಗಿರಿಜಾ, ನನ್ ಕೈ ಕೆಟ್ಟೋಯ್ತ್" ಎಂದರು. ಸೆಕ್ರೆಟರಿ ಅಲ್ಲೇ ನಿಂತು ಅಂಧೇರಿಗೆ ಫೋನ್ ಮಾಡಿದ.

ಮರುದಿನ ಹಿಲ್ಡಾಬಾಯಿಯ ಅಡುಗೆಮನೆಯಲ್ಲಿ ಕಿಡಿಯೊ ಮಾಡಲು ಕೂತೆವು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ, ಹುಳುವಿನ ಹಾಗೆ ಸುರುಳಿ ಸುತ್ತಿ ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವ ತಿಂಡಿ ಅದು. ಹಬ್ಬದ ತಿಂಡಿಗಳಿಗೆಲ್ಲ ಒಟ್ಟಾಗಿ ಕುಸ್ವಾರ್ ಎಂದು ಹೆಸರು. ಕ್ರೋಶಾ ಹೆಣೆದ ಬಟ್ಟೆ ಮುಚ್ಚಿ ಮೊದಲು ನೆರೆಮನೆಗಳಿಗೆ ಹಂಚಿ, ಆಮೇಲೆ ಮನೆಯವರು ಬಾಯಿಗಿಡಬೇಕು. ಸಕ್ಕರೆ ಡಬ್ಬಿ ತೆಗೆಯಲು ಎದ್ದಾಗ ಮೊಳೆಯಲ್ಲಿ ನಾನು ಭತ್ತ ಕಳಿಸಿದ್ದ ಬಟ್ಟೆಚೀಲ ತೂಗುತ್ತಿತ್ತು. ಒಳಗೆ ಉಳಿದ ಒಂದು ಮುಷ್ಟಿ ಭತ್ತ ಇತ್ತು. ಊರಿನ ಅಭ್ಯಾಸ, ಒಂದು ಕಾಳು ಕಚ್ಚಿದೆ.

ಕಲ್ಲಿನಂತೆ ಗಟ್ಟಿ. ಒಡೆದು ನೋಡಿದರೆ ಅಕ್ಕಿ ಬಿಳಿಯಲ್ಲ, ಗಾಜಿನ ಹಾಗೆ ಮಿನುಗುವ ಹಳದಿ. ಬೇಯಿಸಿದ ಭತ್ತ!

ಕುಚ್ಚಿಗೆ ಅಕ್ಕಿಗೆಂದು ಬೇಯಿಸಿದ ಭತ್ತ ಒಂದು ಚಾಪೆಯಲ್ಲಿ, ಬೀಜದ ಭತ್ತ ಇನ್ನೊಂದು ಚಾಪೆಯಲ್ಲಿ ನಮ್ಮ ಅಂಗಳದಲ್ಲಿ ಒಣಗುತ್ತಿದ್ದವು. ಕೊರಿಯರ್ ಆಫೀಸು ಮುಚ್ಚುತ್ತದೆಂದು ಓಡುತ್ತಾ ಬಾಚಿದವಳು ನಾನೇ. ಹಂಡೆಯಲ್ಲಿ ಬೆಂದ ಕಾಳನ್ನು ಕಳಿಸಿ, ಅದನ್ನು ಹುಟ್ಟಿಸಲಿಲ್ಲ ಎಂದು ಊರಗಲ ಬಾಯಿ ಮಾಡಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕೈಯ ಹಿಟ್ಟನ್ನೂ ತೊಳೆಯದೆ ಎರಡನೇ ಮಹಡಿಗೆ ಹತ್ತಿ ಸೆಕ್ರೆಟರಿಯ ಬಾಗಿಲು ಬಡಿದು, ತಪ್ಪು ನನ್ನದು, ಅವರದಲ್ಲ ಎಂದು ಹೇಳಿದೆ. ಅವನು ಕಾಳನ್ನು ಕೈಯಲ್ಲಿ ಹಿಡಿದು ನೋಡಿದ. "ಅಭೀ ತೋ ಆರ್ಡರ್ ಹೋ ಗಯಾ, ಆಂಟಿ" ಎಂದ. ಬೀಜ ಯಾವುದು, ಬೆಂದದ್ದು ಯಾವುದು ಎಂದು ತಿಳಿಯುವ ಗೋಜಿಗೆ ಅವನು ಹೋಗಲಿಲ್ಲ.

ಇಪ್ಪತ್ತನಾಲ್ಕರಂದು ಪ್ಲಾಸ್ಟಿಕ್ ಗೋದಲಿ ಬಂತು. ಸ್ವಿಚ್ ಹಾಕಿದರೆ ಕುರಿಯ ಹೊಟ್ಟೆಯೊಳಗೆ ಕೆಂಪು ದೀಪ ಉರಿಯುತ್ತಿತ್ತು, ಯಾವುದೋ ಟ್ಯೂನ್ ಒಂದೇ ಸಮ ಕಿರಿಚುತ್ತಿತ್ತು. ಮರಾಠಿ ಮನೆಯ ಅಜ್ಜಿ ಆಗಲೇ ಮಾಡಿಟ್ಟಿದ್ದ ಏಳು ಮಣ್ಣಿನ ಕುರಿಗಳನ್ನು ತಂದು ಎಲ್ಲಿಡಲಿ ಎಂದು ಕೇಳಿದರು. ಲಾರೆನ್ಸಣ್ಣ ಅವನ್ನು ತಮ್ಮ ಮನೆಯ ಹೊಲಿಗೆ ಮೆಷಿನಿನ ಮೇಲೆ ಸಾಲಾಗಿ ಇಟ್ಟು, ನಾನು ತಂದ ಹುಲ್ಲಿನಿಂದ ಕೊಟ್ಟಿಗೆಯ ಸೂರಿನಂತೆ ಪುಟ್ಟ ಮಾಡು ಹೊದಿಸಿದರು. ಮುಂದೆ ಅದೇ ಬೋಳು ತಟ್ಟೆ. ಹಬ್ಬದ ದಿನ ಕುಸ್ವಾರ್ ತಿಂದು ತಿಂಡಿಯ ತಟ್ಟೆ ಮರಳಿಸಲು ಬಂದವರು ಅದರ ಮುಂದೆ ಬಾಗಿ ನೋಡಿ ಹೋದರು.

ಇಪ್ಪತ್ತಾರರ ಮಧ್ಯಾಹ್ನ ಲಾರೆನ್ಸಣ್ಣ ನನ್ನನ್ನು ಬಿಡಲು ಟರ್ಮಿನಸ್ಸಿಗೆ ಬಂದರು. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ನಾನು ಮತ್ತೆ ಶುರುಮಾಡಿದೆ. ನೆನೆಸಿಟ್ಟ ಮರುದಿನವೇ ಹುಳಿವಾಸನೆ ಬಂದಿರುತ್ತದೆ, ಬೆಂದ ಭತ್ತ ಎಂದು ನಿಮಗೆ ಆಗಲೇ ಗೊತ್ತಾಗಿತ್ತು ತಾನೇ ಎಂದು ಕೇಳಿದೆ. ಗೊತ್ತಾಗಿತ್ತು ಎಂದು ಒಪ್ಪಿಕೊಂಡರು. ಹಾಗಾದರೆ ಫೋನ್ ಮಾಡಲು ಏನು ಧಾಡಿ, ಇನ್ನೂ ಹತ್ತು ದಿನ ಇತ್ತು, ಮರುದಿನವೇ ಬೇರೆ ಕಳಿಸುತ್ತಿದ್ದೆ, ಇಪ್ಪತ್ತೆರಡು ವರ್ಷದ ಗೋದಲಿ ಉಳಿಯುತ್ತಿತ್ತು ಎಂದು ರೇಗಿದೆ.

ಅವರು ನೀರಿನ ಬಾಟಲಿ ನನ್ನ ಕೈಗೆ ಕೊಟ್ಟರು. "ಐದ್ ತಿಂಗ್ಳ್ ಬಸ್ರಿ ಮಗಳ್ ಇಪ್ಪು ಮನಿಗೆ ಫೋನ್ ಮಾಡಿ, ನಿಮ್ಮನಿ ಬೀಜ ಹುಟ್ಲಿಲ್ಲ ಅಂದ್ ಹೇಳೂಕ್ ಆತ್ತಾ ಮಾರಾಯ್ತಿ? ನಂಗ್ ಬಾಯ್ ಬರ್ಲಿಲ್ಲ."

ರೈಲು ಹೊರಟಿತು. ಅವರು ಕೈಬೀಸಿದರು. ನಾನು ಸಿಟ್ಟಿನಲ್ಲಿ ಕೈ ಎತ್ತಲೂ ಇಲ್ಲ. ಇಂಥ ಮನುಷ್ಯನ ಮೇಲೆ ಹೇಗೆ ಸಿಟ್ಟಾಗುವುದು, ಸಿಟ್ಟಾಗದೆ ಹೇಗಿರುವುದು ಎಂದು ತಿಳಿಯದೆ ಪನ್ವೇಲ್‌ವರೆಗೂ ಕಣ್ಣು ಒರೆಸಿಕೊಳ್ಳುತ್ತಾ ಕೂತೆ.

ಬೆಳಿಗ್ಗೆ ಮನೆ ತಲುಪಿದವಳು ಕಾಲನ್ನೂ ತೊಳೆಯದೆ, ಹುಲ್ಲಿನಲ್ಲಿ ಬಿಗಿದು ಕಟ್ಟಿಟ್ಟ ಬೀಜದ ಮುಡಿಯ ಹತ್ತಿರ ಹೋದೆ. ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ ಜನವರಿ ಆರಕ್ಕೆ, ಅಲ್ಲಿಯವರೆಗೆ ಗೋದಲಿ ತೆಗೆಯುವ ಹಾಗಿಲ್ಲ. ಭತ್ತಕ್ಕೆ ಎಂಟು ದಿನ ಸಾಕು. ಹೊಲಿಗೆ ಮೆಷಿನಿನ ಮೇಲಾದರೂ ಗದ್ದೆ ಹಸಿರಾಗಬೇಕು. ಒಂದೊಂದು ಹಿಡಿ ತೆಗೆದು, ಹಿಡಿಗೊಂದು ಕಾಳು ಕಚ್ಚಿ ನೋಡಿ ಚೀಲಕ್ಕೆ ಹಾಕುತ್ತಿದ್ದೆ. ರಜೆಗೆ ಬಂದಿದ್ದ ಮಗಳು ಬಸುರಿನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದು ನಿಂತಳು. ಹೋದ ಸಲ ಕಳಿಸಿದ ಭತ್ತಕ್ಕೆ ಏನಾಯಿತು ಎಂದು ಕೇಳಿದಳು.

"ಚಂದ ಹುಟ್ಟೀತ್. ಇನ್ನೂ ಸ್ವಲ್ಪ ಬೇಕಂತೆ" ಎಂದೆ.