ಗಂಗಕ್ಕನ ಹಲಗೆ, ನನ್ನ ಸೂರ್ಯ

ಇವತ್ತು ಬೆಳಿಗ್ಗೆ ನನ್ನ ಫೋನಿನಲ್ಲಿ ಒಬ್ಬ ಸೂರ್ಯ ನಕ್ಕ.

ನಿವೃತ್ತಿಯಾದ ಮೇಲೆ ನನಗೊಂದು ಚಟ ಅಂಟಿಕೊಂಡಿದೆ. ಇಂಥ ಚಟದವರ ಕಾಟ ನಿಮಗೂ ಇದ್ದೇ ಇರುತ್ತದೆ, ಹಾಗಾಗಿ ಬೇಗ ಕ್ಷಮಿಸುತ್ತೀರಿ. ದಿನಾ ಬೆಳಿಗ್ಗೆ ಚಹಾಕ್ಕೂ ಮೊದಲು ನಮ್ಮ ಹಳೆಯ ಶಿಕ್ಷಕಿಯರ ಗುಂಪಿಗೆ ‘ಇವತ್ತಿನ ದಿನ’ ಎಂದು ಒಂದು ಸಂದೇಶ ಕಳಿಸುತ್ತೇನೆ. ಹವೆ ಹೇಗಿದೆ ಎಂದು ಒಂದು ಸಾಲು, ಇತಿಹಾಸ ಒಂದು ಸಾಲು, ಒಂದು ನಗೆಮಾತು, ಕೊನೆಗೆ ನನ್ನದೇ ಒಂದು ವಿಚಾರ. ಗುಂಪಿನ ಇಪ್ಪತ್ತು ಜನರಲ್ಲಿ ಹದಿನಾರು ಮಂದಿ ಓದದೆಯೇ ಕೈಮುಗಿಯುವ ಚಿತ್ರ ಕಳಿಸುತ್ತಾರೆ. ಉಳಿದ ನಾಲ್ವರು ಓದುತ್ತಾರೆಂದು ನಂಬಿಕೊಂಡು ನಾನು ಬರೆಯುತ್ತೇನೆ.

ಇವತ್ತು ‘ಹಾವೇರಿ, ಬಿಸಿಲು’ ಎಂದು ಬರೆದು, ಪಕ್ಕದಲ್ಲಿ ಹಾಕಲು ಒಂದು ಚಿತ್ರ ಹುಡುಕುತ್ತಿದ್ದೆ. ಕಣ್ಣು, ಮೂಗು, ಬಾಯಿ ಎಲ್ಲ ಇರುವ ಸೂರ್ಯನೊಬ್ಬ ಸಿಕ್ಕ. ಬೆರಳು ಅಲ್ಲೇ ನಿಂತಿತು. ಸಂಕ್ರಾಂತಿ ಮುಗಿದು ಇವತ್ತಿಗೆ ಎಂಟನೆಯ ದಿನ ಎಂಬುದು ನೆನಪಾಯಿತು. ಪಕ್ಕದ ಮೊರದಲ್ಲಿ ವರ್ಷದ ಖಾರಕ್ಕೆಂದು ತಂದ ಬ್ಯಾಡಗಿ ಮೆಣಸಿನಕಾಯಿ ಇತ್ತು. ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನಮ್ಮ ಮನೆಯವರು ಮೊರದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಪೇಪರಿನ ಹಿಂದೆ ಸರಿದರು.

ಅವರಿಗೆ ಗಂಗಕ್ಕನ ವಿಷಯ ಅರ್ಧ ಗೊತ್ತು. ಉಳಿದರ್ಧವನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ಮೊದಲ ನೌಕರಿ ಬ್ಯಾಡಗಿಯಲ್ಲಿ. ಮೂವತ್ತೈದು ವರ್ಷದ ಮೇಲಾಯಿತು. ಇತಿಹಾಸದ ಶಿಕ್ಷಕಿ, ವಯಸ್ಸು ಇಪ್ಪತ್ನಾಲ್ಕು, ಇಸ್ತ್ರಿ ಮಾಡಿದ ಸೀರೆ, ಜಗತ್ತಿಗೆ ಕಲಿಸುವುದು ಬಹಳ ಇದೆ ಎಂಬ ಭಾವನೆ. ಬಾಡಿಗೆಗೆ ಸಿಕ್ಕದ್ದು ಒಂದು ಖಾರದ ಗಿರಣಿಯ ಹಿಂದಿನ ಕೋಣೆ. ಬಾಡಿಗೆ ಯಾಕೆ ಅಷ್ಟು ಕಡಿಮೆ ಎಂದು ಮೊದಲ ದಿನ ಅರ್ಥವಾಗಲಿಲ್ಲ. ಎರಡನೆಯ ದಿನ ಗಿರಣಿ ಶುರುವಾದಾಗ ಅರ್ಥವಾಯಿತು. ಮೊದಲ ಹದಿನೈದು ದಿನ ನಾನು ಪಾಠ ಮಾಡಿದ್ದಕ್ಕಿಂತ ಸೀನಿದ್ದೇ ಹೆಚ್ಚು.

ಗಿರಣಿಯ ಒಡತಿ ಗಂಗಕ್ಕ. ಗಂಡ ತೀರಿಕೊಂಡ ಮೇಲೆ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದಳು. ಮೂಗಿಗೆ ಸೆರಗು ಕಟ್ಟಿ, ಹುಬ್ಬಿನ ಮೇಲೆ ಕೆಂಪು ಪುಡಿ ಕೂತು, ದೂರದಿಂದ ನೋಡಿದರೆ ಆಗಷ್ಟೇ ಹೋಳಿ ಆಡಿ ಬಂದಂತೆ ಕಾಣುತ್ತಿದ್ದಳು. ಗಿರಣಿಯ ಬಾಗಿಲ ಪಕ್ಕ, ಸೂರಿನ ಕೆಳಗೆ ಒಂದು ಕರಿಹಲಗೆ. ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ ನಾಲ್ಕು ಸಾಲು ಬರೆಯುತ್ತಿದ್ದಳು. ಹೌದು, ನನ್ನ ಈಗಿನ ಚಟ ಅಲ್ಲಿಂದಲೇ ಎರವಲು ತಂದದ್ದು.

ಅವಳ ಇತಿಹಾಸದ ಸಾಲು ನೋಡಿ ನನಗೆ ನಗು ಬರುತ್ತಿತ್ತು. ‘ಇವತ್ತಿನ ದಿನ, ಎರಡು ವರ್ಷದ ಹಿಂದ, ನಮ್ಮ ಓಣಿಗೆ ನಳ ಬಂತು. ಮೊದಲನೇ ಕೊಡ ಶಾಂತವ್ವ ತುಂಬಿದಳು. ಎರಡನೇ ಕೊಡಕ್ಕ ಜಗಳ ಆತು.’

“ಗಂಗಕ್ಕಾ, ಇದು ಇತಿಹಾಸ ಅಲ್ಲ,” ಅಂದೆ ಒಂದು ದಿನ.

“ಮತ್ತೇನ್ರಿ ಅಕ್ಕೋರ? ಆಗಿ ಹೋಗಿದ್ದಲ್ಲೇನು?” ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವಳಾದರೂ ಅವಳು ನನ್ನನ್ನು ಹಾಗೇ ಕರೆಯುತ್ತಿದ್ದಳು.

“ಇತಿಹಾಸ ಅಂದರ ರಾಜರು, ಗುಡಿಗಳು, ಯುದ್ಧ.”

“ಯುದ್ಧಾನೂ ಆಗೇತ್ರಿ. ಕೊಡ ಒಡದಾವು.”

ಆದರೂ ದೊಡ್ಡ ಮನಸ್ಸಿನವಳು. ಒಂದು ದಿನ ಇತಿಹಾಸದ ಸಾಲನ್ನು ನನಗೆ ಬಿಟ್ಟುಕೊಟ್ಟಳು. ನಾನು ಗಳಗನಾಥದ ಗುಡಿಯ ಬಗ್ಗೆ, ಚಾಲುಕ್ಯರ ಕಾಲದ ಕೆತ್ತನೆಯ ಬಗ್ಗೆ, ಹಲಗೆ ಸಾಲದಷ್ಟು ಬರೆದೆ. ಖಾರ ಬೀಸಿಸಲು ಬಂದ ಗಾಡಿಯವನೊಬ್ಬ ಕೊನೆಯತನಕ ಓದಿ, “ಅಲ್ಲೆ ನಮ್ಮ ಅತ್ತಿ ಇರ್ತಾಳ,” ಎಂದು ಹೇಳಿ ಹೋದ. ಮಿಕ್ಕವರು ಆ ದಿನ ಹಲಗೆಯ ಮುಂದೆ ನಿಲ್ಲಲಿಲ್ಲ. ಮಾರನೆಯ ದಿನ ಶಾಂತವ್ವನ ಎಮ್ಮೆ ಕಳೆದು ರೈಲು ಸ್ಟೇಷನ್ನಿನಲ್ಲಿ ಸಿಕ್ಕ ಪ್ರಸಂಗ ಬಂತು, ಮತ್ತೆ ಜನ ಗುಂಪು ಸೇರಿದರು.

ನಗೆಮಾತಿನ ಸಾಲಿನಲ್ಲಿ ಒಮ್ಮೆ ಹೀಗಿತ್ತು: ‘ಗಿರಣಿ ನಡೆದಾಗ ಒಳಗ ಕುಂತು ಸೀನದೇ ಹೊರಗ ಬಂದವರಿಗೆ ಪುಕ್ಕಟೆ ಬೀಸಿ ಕೊಡಲಾಗುವುದು.’ ಒಬ್ಬರು ನಿವೃತ್ತ ಪೋಸ್ಟ್‌ಮನ್ ಇದನ್ನು ಮಾನದ ಪ್ರಶ್ನೆ ಮಾಡಿಕೊಂಡರು. ಮೂಗು ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ ಹತ್ತು ನಿಮಿಷ ಕೂತರು. ಎದ್ದು ಬಾಗಿಲಿಗೆ ಬಂದು, “ಗೆದ್ನಿ ನೋಡವಾ!” ಎಂದು ಬಾಯಿ ತೆರೆದದ್ದೇ ತಡ, ಎದುರಿನ ಅಂಗಡಿಯ ನಾಯಿ ಎದ್ದು ಓಡುವಂಥ ಸೀನು ಬಂತು.

“ಹೊಸ್ತಿಲಾನೂ ಗಿರಣಿದ ಐತ್ರಿ,” ಅಂದಳು ಗಂಗಕ್ಕ.

ಕೊನೆಯ ಸಾಲು ಅವಳ ಮನಸ್ಸಿನ ಮಾತು. ಉಪದೇಶ ಇರುತ್ತಿರಲಿಲ್ಲ. ‘ನಿನ್ನೆ ಮಗಳ ಮ್ಯಾಲ ಸಿಟ್ಟು ಮಾಡಿದೆ. ಯಾಕ ಅನ್ನೂದು ಇವತ್ತ ನೆನಪಿಲ್ಲ’ ಎಂದು ಒಂದು ದಿನ ಬರೆದಿದ್ದಳು. ಆ ಸಾಲನ್ನು ನಾನು ನನ್ನ ಡೈರಿಯಲ್ಲಿ ಇಳಿಸಿಕೊಂಡಿದ್ದೇನೆ.

ಆದರೆ ಊರಿಗೆ ನಿಜವಾಗಿ ಬೇಕಾದದ್ದು ಹವೆಯ ಸಾಲು. ಸಂಕ್ರಾಂತಿಯ ಹೊತ್ತಿಗೆ ಬ್ಯಾಡಗಿಯ ಸುತ್ತ ಬಯಲೆಲ್ಲ ಕೆಂಪಗಿರುತ್ತದೆ, ಮೆಣಸಿನಕಾಯಿ ಒಣಗಲು ಹರವಿರುತ್ತಾರೆ. ಅಕಾಲದ ಒಂದು ಮಳೆ ಬಿದ್ದರೆ ಬಣ್ಣ ಹೋಯಿತು. ಬಣ್ಣ ಹೋದ ಬ್ಯಾಡಗಿ ಕಾಯಿಯನ್ನು ಕೇಳುವವರಿಲ್ಲ. ಓದಲು ಬಾರದವರಿಗೆಂದು ಗಂಗಕ್ಕ ಹವೆಯ ಸಾಲಿನ ಪಕ್ಕ ಚಿತ್ರ ಬರೆಯುತ್ತಿದ್ದಳು. ಬಿಸಿಲಾದರೆ ಒಂದು ದುಂಡಗಿನ ಸೂರ್ಯ, ಹವೆಯ ಮೇಲೆ ನಂಬಿಕೆ ಇಲ್ಲದ ದಿನ ಛತ್ರಿ. ಛತ್ರಿ ಕಂಡರೆ ಜನ ಕಾಯಿಗೆ ತಾಡಪತ್ರಿ, ಅಂದರೆ ಟಾರ್ಪಾಲಿನ್, ಹೊದಿಸಿಯೇ ಹೊಲಕ್ಕೆ ಹೋಗುತ್ತಿದ್ದರು.

ಅವಳಿಗೆ ಹೇಗೆ ಗೊತ್ತಾಗುತ್ತಿತ್ತು ಎಂದರೆ, ಮೆಣಸಿನಕಾಯಿಯನ್ನೇ ಕೇಳುತ್ತಿದ್ದಳು. ಚೆನ್ನಾಗಿ ಒಣಗಿದ ನಾಲ್ಕು ಕಾಯಿಗಳನ್ನು ರಾತ್ರಿ ಬಾಗಿಲ ಚೌಕಟ್ಟಿಗೆ ಕಟ್ಟಿಡುವುದು, ಬೆಳಿಗ್ಗೆ ಎದ್ದು ಕಿವಿಯ ಹತ್ತಿರ ಅಲ್ಲಾಡಿಸುವುದು. ಗಾಳಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಗಾಳಿಯಲ್ಲಿ ನೀರಿದ್ದರೆ ಕಾಯಿ ಮೆತ್ತಗಾಗಿ ಸುಮ್ಮನಿರುತ್ತದೆ. ಅಷ್ಟೇ ಅವಳ ಶಾಸ್ತ್ರ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಕುಮಾರಪಟ್ಟಣದಲ್ಲಿದ್ದ ಮಗಳಿಗೆ ಹೆರಿಗೆಯಾಯಿತು. ಗಂಗಕ್ಕ ಗಿರಣಿಗೆ ಬೀಗ ಹಾಕಿ ಹೊರಟಳು. ಬೀಗ ಹಾಕಿ ಬಂದು ಸೀಮೆಸುಣ್ಣದ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು.

“ಗಿರಣಿ ಬಂದ್ ಇದ್ರೂ ನಡೀತೈತಿ. ಹಲಗಿ ಬಂದ್ ಆಗಬಾರದ್ರಿ. ನಾಕು ದಿನ ನೀವ ಬರೀರಿ. ನಗಸೂದು ಬಿಟ್ರೂ ಚಿಂತಿಲ್ಲ, ಕಾಯಿ ಮಾತ್ರ ಕೇಳಿ ಬರೀರಿ.”

ಮೊದಲ ಎರಡು ದಿನ ಕೇಳಿಯೇ ಬರೆದೆ. ಎರಡನೆಯ ದಿನ ಕಿವಿಗೆ ಕಾಯಿ ಹಿಡಿದು ನಿಂತಾಗ ಹಾಲಿನವನು ಸೈಕಲ್ ನಿಲ್ಲಿಸಿ, “ಯಾರ ಫೋನ್ರಿ ಅಕ್ಕೋರ, ದಿಲ್ಲಿಯಿಂದೇನ್ರಿ?” ಅಂದ. ಓಣಿಯ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುರುಕ್ಕೆಂದಿತು. ಬಿ.ಎಡ್. ಮಾಡಿದವಳು ಬೀದಿಯಲ್ಲಿ ನಿಂತು ಮೆಣಸಿನಕಾಯಿಯ ಜೊತೆ ಮಾತಾಡುವುದೇ?

ಮೂರನೆಯ ದಿನ, ಅಂದರೆ ಸಂಕ್ರಾಂತಿ ಮುಗಿದ ಎಂಟನೆಯ ದಿನ, ಕೋಣೆಯೊಳಗೇ ಕೂತು ರೇಡಿಯೊ ಕೇಳಿದೆ. ಒಣ ಹವೆ ಎಂದಿತು. ಹೋಗಿ ಸೂರ್ಯನನ್ನು ಬರೆದೆ. ಬರೀ ದುಂಡಗೆ ಬರೆದರೆ ನನ್ನ ಕೈಯ ಕಲೆಗೆ ಅವಮಾನವೆಂದು ಕಣ್ಣು, ಮೂಗು ಬಿಡಿಸಿ, ನಗುವ ಬಾಯಿ ಇಟ್ಟು, ಸುತ್ತ ಹನ್ನೆರಡು ಕಿರಣ ಎಳೆದೆ. ಹಿಂದೆ ಸರಿದು ನೋಡುವಾಗ ಚೌಕಟ್ಟಿಗೆ ಕಟ್ಟಿದ ಕಾಯಿಗಳು ಕೆನ್ನೆಗೆ ತಾಗಿದವು. ಕೈಯಿಂದ ಪಕ್ಕಕ್ಕೆ ಸರಿಸಿದೆ. ಮೆತ್ತಗಿದ್ದವು. ಚಪ್ಪಲಿಯ ತೊಗಲಿನಷ್ಟು ಮೆತ್ತಗೆ.

ನನಗೆ ಅದು ಗೊತ್ತಾಯಿತು. ಇದೇ ನಾನು ಯಾರಿಗೂ ಹೇಳದ ಆ ಅರ್ಧ. ರೇಡಿಯೊ ತಪ್ಪು ಹೇಳಿತು ಎಂದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಕಾಯಿ ಸರಿಯಾಗಿಯೇ ಹೇಳಿತ್ತು, ನನ್ನ ಕೈಗೇ ಹೇಳಿತ್ತು. ಆದರೆ ಸೂರ್ಯ ಬಹಳ ಚೆಂದ ಬಂದಿದ್ದ. ಅಳಿಸಲು ಮನಸ್ಸಾಗಲಿಲ್ಲ. ಶಾಲೆಗೆ ಹೋದೆ.

ಗಿರಣಿಯ ಹಿಂದಿನ ಬಯಲಿನಲ್ಲಿ ಕಾಯಿ ಹರವಿದ್ದವಳು ಬಸವ್ವ. ಕದರಮಂಡಲಗಿಯ ದಾರಿಯಲ್ಲಿ ಅವಳಿಗೆ ಸ್ವಲ್ಪ ಹೊಲ. ಗಂಡ ಹೆಂಡತಿ ಇಬ್ಬರೇ ದುಡಿದು, ಬಿಡಿಸಿ ತಂದ ವರ್ಷದ ಬೆಳೆ ಪೂರ್ತಿ ಅಲ್ಲಿತ್ತು. ಆ ದಿನ ರಾಣೆಬೆನ್ನೂರಿನಲ್ಲಿ ತಂಗಿಯ ಕುಬಸ. ಚೊಚ್ಚಲ ಬಸುರಿ ತಂಗಿಗೆ ಸೀರೆ ಉಡಿಸಿ ಉಡಿ ತುಂಬಲು ಅಕ್ಕ ಹೋಗದಿದ್ದರೆ ಆಗುತ್ತದೆಯೇ? ಅವಸರದಲ್ಲಿ ಹಲಗೆಯ ಸೂರ್ಯನನ್ನು ನೋಡಿದ್ದಾಳೆ, ತಾಡಪತ್ರಿ ಮಡಚಿಟ್ಟು ರೈಲು ಹತ್ತಿದ್ದಾಳೆ.

ಮಧ್ಯಾಹ್ನ ಮೂರಕ್ಕೆ ಶಾಲೆಯ ತಗಡಿನ ಮೇಲೆ ಮೊದಲ ಹನಿ ಬಿತ್ತು. ನಾನು ಪುಸ್ತಕ ಅಲ್ಲೇ ಬಿಟ್ಟು ಓಡಿದೆ. ಹೋಗುವಷ್ಟರಲ್ಲಿ ಬಯಲಿನಿಂದ ಕೆಂಪು ನೀರು ಹರಿಯುತ್ತಿತ್ತು. ಶಾಂತವ್ವ, ಪೋಸ್ಟ್‌ಮನ್ನರು, ಇಡೀ ಓಣಿ ಬುಟ್ಟಿ ಹಿಡಿದು ಬಾಚುತ್ತಿತ್ತು. ನಾನೂ ಬಾಚಿದೆ. ಕೈ ಎರಡು ದಿನ ಉರಿಯಿತು.

ಸಂಜೆ ಬಸವ್ವ ಸ್ಟೇಷನ್ನಿನಿಂದ ಬಂದಳು, ಉಡಿಯಲ್ಲಿ ಕುಬಸದ ಉಂಡಿ ಕಟ್ಟಿಕೊಂಡು. ಅಳಲಿಲ್ಲ. ಒಂದು ಒದ್ದೆ ಕಾಯಿ ಎತ್ತಿ, ಅಂಗೈಯಲ್ಲಿ ಇಟ್ಟುಕೊಂಡು, ಹಲಗೆಯ ಕಡೆ ನೋಡಿದಳು. ಸೂರಿನ ಕೆಳಗಿದ್ದ ಹಲಗೆಗೆ ಹನಿಯೂ ಸೋಕಿರಲಿಲ್ಲ. ನನ್ನ ಸೂರ್ಯ ಹಲ್ಲು ಕಿರಿಯುತ್ತಲೇ ಇದ್ದ.

ಆಗ ನಾನು ಬಾಯಿ ತೆರೆದು ಆಡಿದ ಮಾತು ಇದು: “ರೇಡಿಯೊದಾಗೂ ಬಿಸಿಲಂತ ಹೇಳಿದ್ರು, ಬಸವ್ವ.”

“ನಾ ರೇಡಿಯೊ ಕೇಳೂದಿಲ್ರಿ ಅಕ್ಕೋರ,” ಅಂದಳು ಅವಳು, ಮೆಲ್ಲಗೆ.

ಮಾರನೆಯ ದಿನ ಗಂಗಕ್ಕ ಬಂದಳು. ಅವಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ, ಕಾಯಿ ಮೆತ್ತಗಿದ್ದದ್ದೊಂದನ್ನು ಬಿಟ್ಟು. ಅವಳು ಬೈಯಲಿಲ್ಲ. “ಹಲಗಿ ನಂದು, ತಪ್ಪು ನಂದ,” ಅಂದಳು. ಆಮೇಲೆ, “ಬಸವ್ವಗ ಮಾತ್ರ ನೀವ ಹೇಳ್ರಿ. ನಾ ಹೇಳಂಗಿಲ್ಲ,” ಅಂದಳು. ಮುಂದಿನ ವರ್ಷ ಸಂಕ್ರಾಂತಿ ಮುಗಿದ ಎಂಟನೆಯ ದಿನ ಇತಿಹಾಸದ ಸಾಲಿನಲ್ಲಿ ಹೀಗಿತ್ತು: ‘ಇವತ್ತಿನ ದಿನ ಈ ಹಲಗಿ ಸುಳ್ಳು ಹೇಳಿತ್ತು. ಬಸವ್ವನ ಕಾಯಿ ತೊಯ್ದಿದ್ದವು.’ ಅದರ ಮುಂದಿನ ವರ್ಷವೂ ಅದೇ ಸಾಲು. ದೂರದಿಂದ ಓದಿಕೊಂಡು, ನಾನು ಆ ದಿನ ಹಲಗೆಯ ಮುಂದೆ ಹಾಯದೆ, ಗಿರಣಿಯ ಹಿಂದಿನಿಂದ ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದೆ. ಮೂರನೆಯ ವರ್ಷಕ್ಕೆ ಹಾವೇರಿಗೆ ವರ್ಗವಾಯಿತು. ನಾಚಿಕೆಗೆಟ್ಟು ಹೇಳುತ್ತೇನೆ, ನನಗೆ ಹಾಯೆನಿಸಿತು.

ಹಾವೇರಿಯಿಂದ ಬ್ಯಾಡಗಿಗೆ ಎಷ್ಟು ದೂರ? ರೈಲಿನಲ್ಲಿ ಕೂತು ಶೇಂಗಾದ ಪೊಟ್ಟಣ ಮುಗಿಸುವಷ್ಟರಲ್ಲಿ ಬರುತ್ತದೆ. ಆ ದೂರ ಹೋಗಲು ನನಗೆ ಇಷ್ಟು ವರ್ಷ ಆಗಲಿಲ್ಲ. ಗಂಗಕ್ಕ ತೀರಿಕೊಂಡಾಗ ಒಮ್ಮೆ ಹೋದರೂ, ಹೂವಿಟ್ಟು, ಬಸವ್ವ ಬರುವ ಮೊದಲೇ ಎದ್ದು ಬಂದಿದ್ದೆ.

ಇವತ್ತು ಫೋನಿನ ಸೂರ್ಯನನ್ನು ಅಳಿಸಿದೆ. ಸಂದೇಶ ಕಳಿಸಲಿಲ್ಲ. ಹತ್ತೂವರೆಗೆ ಬ್ಯಾಡಗಿಯಲ್ಲಿದ್ದೆ.

ಬಸವ್ವ ಈಗಲೂ ಅದೇ ಬಯಲಿನ ಅಂಚಿನಲ್ಲಿ ಇರುತ್ತಾಳೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅಂಗಳದ ತುಂಬ ಕಾಯಿ ಹರವಿ, ನಡುವೆ ಕೂತು ತೊಟ್ಟು ಬಿಡಿಸುತ್ತಿದ್ದಳು. ನನ್ನನ್ನು ನೋಡಿ, “ಬರ್ರಿ ಅಕ್ಕೋರ, ಕುಂದ್ರಿ,” ಅಂದಳು, ನಿನ್ನೆ ಬಂದು ಹೋದವಳನ್ನು ಕರೆದಂತೆ. ನಾನು ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಮಕ್ಕಳ ಸುದ್ದಿ ಬರುತ್ತದೆ, ಮಾತು ತಪ್ಪಿಹೋಗುತ್ತದೆ. ನಿಂತುಕೊಂಡೇ ಹೇಳಿದೆ. ಹಲಗೆ ಬರೆದದ್ದು ನಾನು. ಕಾಯಿ ಮೆತ್ತಗಿದ್ದದ್ದು ಗೊತ್ತಿತ್ತು. ಸೂರ್ಯ ಚೆಂದ ಬಂದಿದ್ದನೆಂದು ಅಳಿಸಲಿಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಬಸವ್ವ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನೀವ ಬರದಿದ್ದು ಅಂತ ಅವತ್ತ ಸಂಜೀಕ ಗೊತ್ತಾತ್ರಿ,” ಅಂದಳು. “ನನಗ ಓದಾಕ ಬರೂದಿಲ್ಲ, ಖರೇ. ಆದ್ರ ಗಂಗಕ್ಕನ ಸೂರ್ಯಗ ಕಣ್ಣು, ಮೂಗು, ಮಾರಿ ಇರತಿರಲಿಲ್ರಿ.”

“ಮತ್ತ ಯಾಕ ಕೇಳಲಿಲ್ಲ, ಬಸವ್ವ?”

“ಕೇಳಿದ್ರ ನೀವು ಹೂಂ ಅಂತಿದ್ರಿ. ಅಷ್ಟಕ್ಕ ಮುಗೀತಿತ್ತು. ಇವತ್ತಿಲ್ಲ ನಾಳೆ ತಾವ ಬಂದು ಹೇಳ್ತಾರ ಅಂತ ಇದ್ದೆ.” ಅವಳ ಮುಖದ ಸುಕ್ಕುಗಳೆಲ್ಲ ಒಮ್ಮೆ ಅಲುಗಿದವು. “ಲಗೂನ ಬಂದ್ರಿ.”

ಮೂವತ್ತೈದು ವರ್ಷಕ್ಕೆ ಬೇಗ ಬಂದೆನಂತೆ! ನಾನು ಅಳುತ್ತಲೇ ನಕ್ಕೆ. ಅವಳು ಮೊರದಿಂದ ಒಂದು ಕಾಯಿ ಆರಿಸಿ ನನ್ನ ಕೈಗೆ ಕೊಟ್ಟಳು. “ಇವತ್ತ ಏನಂತೈತಿ ನೋಡ್ರಿ. ನನಗ ಕಿವಿ ಮಂದ ಆಗ್ಯಾವು.”

ಕಿವಿಗೆ ಹಿಡಿದು ಅಲ್ಲಾಡಿಸಿದೆ. ನನಗೂ ಅರವತ್ತು ದಾಟಿದೆ. ಗಲಗಲ ಎಂದಿತೋ, ಎನ್ನಲಿಲ್ಲವೋ. ಮತ್ತೊಮ್ಮೆ ಅಲ್ಲಾಡಿಸಿದೆ. ಮೇಲೆ ಆಕಾಶ ನೀಲಿಯಾಗಿತ್ತು, ಮೋಡದ ಒಂದು ಚೂರೂ ಇರಲಿಲ್ಲ. ಫೋನು ಬಿಸಿಲೆಂದು ಹೇಳಿತ್ತು. ಬಿಸಿಲು ಎಂದುಬಿಡುವುದು ಬಹಳ ಸುಲಭವಿತ್ತು.

“ನನಗ ಗೊತ್ತಾಗವಲ್ದು, ಬಸವ್ವ,” ಅಂದೆ.

“ಹಂಗಾರ ಹೊಚ್ಚಿ ಬಿಡೂಣ್ರಿ,” ಎಂದು ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು. ಗೋಡೆಗೆ ಒರಗಿಸಿದ್ದ ತಾಡಪತ್ರಿ ಬಿಚ್ಚಿ ಅರ್ಧ ನನ್ನ ಕಡೆ ಎಸೆದಳು. “ಆ ಕಡೆ ತುದಿ ಹಿಡೀರಿ ಅಕ್ಕೋರ.”

ನಾನು ಆ ಕಡೆಯ ತುದಿ ಹಿಡಿದೆ.