ಗೋಡೆಯಾಚೆಯ ಸಾಲ್ವದೊರ್

ಬೆಳುವಾಯಿ ಕಡೆಯ ಕ್ರೈಸ್ತರ ಕೇರಿಗೆ, ಅವರ ಮಾತಿನ ವಾಡೆಗೆ, ಇನಾಸ್ ಸಿಕ್ವೇರರು ಗುರ್ಕಾರರು. ಅಂದರೆ ಇಗರ್ಜಿಗೂ ವಾಡೆಯ ಮನೆಗಳಿಗೂ ನಡುವಿನ ಮುಖಂಡ. ಯಾರು ಪೂಜೆ ತಪ್ಪಿಸಿದರು, ಯಾರ ಒಲೆಯಲ್ಲಿ ಶುಕ್ರವಾರ ಮಾಂಸ ಬೆಂದಿತು, ಎಲ್ಲ ಅವರ ಮೂಗಿಗೇ ಮೊದಲು ಗೊತ್ತಾಗುತ್ತಿತ್ತು. "ದೇವರು ಮನುಷ್ಯನನ್ನು ಕಟ್ಟಿ ಹಾಕ್ಲಿಲ್ಲ ಮಾರಾಯ. ಒಳ್ಳೆಯದೂ ಕೆಟ್ಟದ್ದೂ ಎದುರಿಗೇ ಉಂಟು. ಆರಿಸಿಕೊಂಡವ ಅನುಭವಿಸ್ಬೇಕು" ಎನ್ನುವರು. ಮಾತೇನೋ ಸರಿಯೇ. ಅದನ್ನು ಊರಿಗೆಲ್ಲ ಹಂಚಿ ತನಗೆಂದು ಚೂರೂ ಇಟ್ಟುಕೊಂಡಿರಲಿಲ್ಲ, ಅಷ್ಟೇ.

ಐವತ್ತೆಂಟನೇ ಇಸವಿಯ ಮಳೆಗಾಲದ ಆಟಿ ತಿಂಗಳ ಒಂದು ಬೆಳಿಗ್ಗೆ ನೆರೆಮನೆಯ ಸಾಲ್ವದೊರ್ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ. ಕಳ್ಳು ಕುಡಿಯುವವ, ಈಸ್ಟರಿನ ಪಾಪನಿವೇದನೆಗೂ ಬಾರದೆ ಗುರ್ಕಾರರೊಡನೆ ಜಗಳ ಕಾಯ್ದವ. ಬೇಲಿಯ ಈಚೆ ದನ ಕಟ್ಟುತ್ತಿದ್ದ ಇನಾಸರಿಗೆ ಕೇಳಿಸಿದ್ದು ದೊಪ್ಪೆಂಬ ಸದ್ದು ಮಾತ್ರ.

"ಬಿದ್ದದ್ದಾ, ಹಾರಿದ್ದಾ? ನೀವು ಕಂಡಿರಾ?" ಎಂದು ಇಗರ್ಜಿಯ ಪಾದ್ರಿ ವಿಗಾರರು ಕೇಳಿದರು. ತಾನಾಗಿ ಜೀವ ಕಳೆದುಕೊಂಡವನಿಗೆ ಆಗೆಲ್ಲ ಸಿಮಿತ್ರಿಯೊಳಗೆ, ಇಗರ್ಜಿಯ ಸ್ಮಶಾನದೊಳಗೆ, ಮಣ್ಣು ಸಿಗುತ್ತಿರಲಿಲ್ಲ.

"ಹಾರಿದ ಪದ್ರಾಬ. ಕಂಡೆ" ಎಂದುಬಿಟ್ಟರು ಇನಾಸರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಅನ್ನಿಸಲೂ ಇಲ್ಲ. ಅಂಥವನು ಇನ್ನೇನು ಮಾಡಿಯಾನು?

"ನೀರಿಗೆ ಹೋದದ್ದು ಅವರು. ಕೊಡಪಾನ ಕಾಣುವುದಿಲ್ಲ, ನೋಡಿ" ಎಂದು ಸಾಲ್ವದೊರನ ಹೆಂಡತಿ ನತಾಲ್ ಎದೆ ಬಡಿದುಕೊಂಡಳು. ಕಳ್ಳಿಗೆ ಮಾರಿರುತ್ತಾನೆ ಎಂದು ಗುರ್ಕಾರರು ಅದನ್ನೂ ತಳ್ಳಿಹಾಕಿದರು. ಗಂಟೆ ಬಾರಿಸದೆ, ಪವಿತ್ರ ನೀರು ಚಿಮುಕಿಸದೆ, ಸಾಲ್ವದೊರನನ್ನು ಸಿಮಿತ್ರಿಯ ಗೋಡೆಯಾಚೆ ಹೂತರು. ಪ್ರತಿ ನವೆಂಬರಿನಲ್ಲಿ ಸತ್ತವರ ದಿನ ಊರವರೆಲ್ಲ ಒಳಗೆ ಮೇಣದಬತ್ತಿ ಹಚ್ಚಿದರೆ ನತಾಲ್ ಹೊರಗೆ ಮುಳ್ಳಿನ ಪೊದೆಯ ಬಳಿ ಒಬ್ಬಳೇ ನಿಲ್ಲುತ್ತಿದ್ದಳು.

ಅರವತ್ತೆರಡರ ಬೇಸಗೆಗೆ ಆ ಬಾವಿ ಬತ್ತಿತು. ಕೆಸರು ತೆಗೆಯಲು ಇಳಿದ ಕುಶಾಲಪ್ಪ ಒಂದು ಕೊಡಪಾನ ಮೇಲೆ ಕಳಿಸಿದ. ಅದರ ಕೊರಳಿಗೆ ಬಿಗಿದ ತೆಂಗಿನ ನಾರಿನ ಹಗ್ಗ ಹಾಗೇ ಇತ್ತು.

"ಸಾಯ್ಲಿಕ್ಕೆ ಹಾರುವವ ಕೊಡಪಾನ ಹಿಡ್ಕೊಂಡು ಹಾರ್ತಾನಾ ಗುರ್ಕಾರರೇ?" ಎಂದು ಅವನು ಕೆಳಗಿನಿಂದಲೇ ಕೂಗಿದ.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಬಾವಿಕಟ್ಟೆಯ ಬಳಿ ನಿಂತಿದ್ದ ಇನಾಸರಿಗೆ. ನತಾಲ್ ಅವರತ್ತ ತಿರುಗಿಯೂ ನೋಡಲಿಲ್ಲ. ಕೊಡಪಾನವನ್ನು ಹೊಸದಾಗಿ ಬಂದಿದ್ದ ವಿಗಾರರ ಬಳಿಗೆ ಒಯ್ದಳು. "ಹಾರಿದ್ದು ಕಂಡೆ ಅಂತ ಗುರ್ಕಾರರು ಹೇಳಿದ್ದುಂಟಲ್ಲ ನತಾಲ್ ಬಾಯಿ. ಅವರು ಮಾತು ಹಿಂದೆ ತೆಗೆಯದೆ ನಾನೇನು ಮಾಡ್ಲಿ?" ಎಂದರಂತೆ ಅವರು.

ಆ ಶನಿವಾರವೇ ಇನಾಸರು ಪಾಪನಿವೇದನೆಗೆ ಮೊಣಕಾಲೂರಿ ಎಲ್ಲವನ್ನೂ ಒಪ್ಪಿಕೊಂಡರು. ಜಾಲರಿಯ ಆಚೆಯಿಂದ ವಿಗಾರರ ದನಿ ಬಂತು.

"ದೇವರು ಕ್ಷಮಿಸ್ತಾನೆ. ಆದರೆ ಇಲ್ಲಿ ಕೇಳಿದ್ದನ್ನು ನಾನು ಹೊರಗೆ ಬಾಯಿ ಬಿಡುವ ಹಾಗಿಲ್ಲ. ಹೊರಗೆ ನೀವೇ ಹೇಳ್ಬೇಕು."

"ಹೇಳ್ತೇನೆ ಪದ್ರಾಬ" ಎಂದರು ಇನಾಸರು.

ವಿಗಾರರ ಬಾಯಿಗೆ ಬೀಗ ಬೀಳುತ್ತದೆಂದು ಗುರ್ಕಾರರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಅಲ್ಲಿ ಹೇಳಿದ್ದು. ದೇವರಿಗೆ ಹೇಳಿದರೆ ಮಾನ ಹೋಗುವುದಿಲ್ಲ, ಊರಿಗೆ ಹೇಳಿದರೆ ಹೋಗುತ್ತದೆ. ಈ ಭಾನುವಾರ, ಬರುವ ಭಾನುವಾರ ಎನ್ನುತ್ತ ಮಳೆಗಾಲವೇ ಕಳೆಯಿತು. ಅಷ್ಟರಲ್ಲಿ ಅವರಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತ್ತು. ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳಲು ಕಾಲೇಳುತ್ತಿರಲಿಲ್ಲ. ಮಂಡಿ ನೋವು ಎಂದು ಹೆಂಡತಿಗೆ ಇನ್ನೊಂದು ಸುಳ್ಳು ಹೇಳಿದರು.

ನವೆಂಬರ್ ಬಂತು. ಸಿಮಿತ್ರಿಯಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದ ಇನಾಸರಿಗೆ ಗೋಡೆಯ ಮೇಲಿಂದ ನತಾಲಳ ತಲೆಯ ಮುಸುಕು ಕಂಡಿತು. ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟರು. ವಿಗಾರರು ಕಣ್ಣೆತ್ತಿ ಅವರನ್ನು ನೋಡಲೂ ಇಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಕಣ್ಣಿನಿಂದಲೂ ತೋರಿಸುವ ಹಾಗಿರಲಿಲ್ಲ. ಇನಾಸರು ಗೇಟು ದಾಟಿ ಮುಳ್ಳಿನ ಪೊದೆಯ ಬಳಿಗೆ ಹೋಗಿ ನಿಂತರು.

"ನಾನು ಕಂಡಿರ್ಲಿಲ್ಲ" ಎಂದು ಕೂಗಿದರು. "ಸಾಲ್ವದೊರ್ ಹಾರಿದ್ದು ನಾನು ಕಾಣ್ಲೇ ಇಲ್ಲ. ಸದ್ದು ಮಾತ್ರ ಕೇಳಿದ್ದು. ಆಗಿನ ವಿಗಾರರಿಗೆ ಸುಳ್ಳು ಹೇಳಿದೆ."

ವಿಗಾರರೊಬ್ಬರೇ ಪವಿತ್ರ ನೀರಿನ ಪಾತ್ರೆ ಹಿಡಿದು ಹೊರಗೆ ಬಂದರು. ಗೋರಿಗೆ ನೀರು ಬೀಳುತ್ತಿದ್ದಂತೆ ಇನಾಸರ ಎದೆ ಸ್ವಲ್ಪ ಹಗುರಾಯಿತು.

"ದೇವರು ಇವತ್ತು ನನ್ನಿಂದ ಹೇಳಿಸಿದ ನತಾಲ್ ಬಾಯಿ" ಎಂದರು.

ನತಾಲ್ ತಾನು ಹಚ್ಚಿದ್ದ ಮೇಣದಬತ್ತಿಯಿಂದ ಕಣ್ಣು ತೆಗೆಯಲಿಲ್ಲ. "ಹಾಗಾದ್ರೆ ಆ ದಿನ ಹೇಳಿಸಿದ್ದು ಯಾರು ಗುರ್ಕಾರ್‌ಮಾಮ್?"

ಊರೆಲ್ಲ ಗೋಡೆಯ ಆಚೆ ಕಿವಿಗೊಟ್ಟು ನಿಂತಿತ್ತು.

"ಯಾರೂ ಅಲ್ಲ. ನಾನೇ" ಎಂದರು ಇನಾಸರು.