ನೀಲವ್ವನ ಕೌದಿಯ ಮೂಲೆ

ನೀಲವ್ವ ದೊಡ್ಡವ್ವ ಕತ್ತರಿ ಮುಟ್ಟುತ್ತಿರಲಿಲ್ಲ. ಹಳೆಯ ಸೀರೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಿಂದ ಪರ್ರನೆ ಹರಿದರೆ ತುಂಡು ನೂಲು ಹಿಡಿದಂತೆ ನೆಟ್ಟಗೆ ಬರುತ್ತಿತ್ತು. “ಅರಿವಿ ತಾನ ಹೇಳ್ತೈತಿ ಎಲ್ಲಿ ಹರೀಬೇಕಂತ. ಕತ್ತರಿ ಯಾರ ಮಾತೂ ಕೇಳೂದಿಲ್ಲ,” ಎನ್ನುತ್ತಿದ್ದಳು. ಸವಣೂರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನ ಊಟವಾದ ಮೇಲೆ ಅವಳು ಆ ತುಂಡುಗಳನ್ನು ಸೇರಿಸಿ ಹೊಲಿಯುವ ಹೊದಿಕೆ, ಕೌದಿಯನ್ನು ಕಟ್ಟೆಯ ಮೇಲೆ ಹರಡಿಕೊಂಡು ಕೂತರೆ ಓಣಿಯ ಸುದ್ದಿಯೆಲ್ಲ ಅಲ್ಲೇ ಬಂದು ಸೇರುತ್ತಿತ್ತು.

ನಾನಾಗ ಹಾನಗಲ್ಲಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದೆ. ರಜೆಗೆ ಊರಿಗೆ ಬಂದಾಗ, ಬಣ್ಣಗಳ ಹೊಂದಾಣಿಕೆಯ ಬಗ್ಗೆ ತರಗತಿಯಲ್ಲಿ ಕೇಳಿದ್ದನ್ನೆಲ್ಲ ಅವಳ ಪಕ್ಕ ಕೂತು ಒದರುವುದು ನನ್ನ ಚಟ. ಅವಳು ಕೇಳುವಷ್ಟು ಕೇಳಿ, ಕೈಗೊಂದು ಸೂಜಿ ಕೊಟ್ಟು, “ಬಾಯಿ ಭಾಳ ಓಡ್ತೈತಿ, ಈಗ ಕೈ ಓಡ್ಲಿ,” ಎನ್ನುತ್ತಿದ್ದಳು. ನಾನು ಹಾಕಿದ ಹೊಲಿಗೆ ಬಿಚ್ಚುವುದೇ ಅವಳ ಮುಂದಿನ ಕೆಲಸ. ಕೆಂಪಿನ ಪಕ್ಕ ಮಾಸಿದ ಹಸಿರು ಎಷ್ಟು ಚೆಂದ ಕಾಣುತ್ತದೆಂದು ನಾನು ಮೊದಲು ಕಂಡದ್ದು ಆ ಕಟ್ಟೆಯ ಮೇಲೆ. ಪ್ರತಿ ಕೌದಿಯ ಕೊನೆಯ ಮೂಲೆಯನ್ನು ಮಾತ್ರ ಅವಳು ಒಳಗೆ ಹೋಗಿ, ಒಬ್ಬಳೇ ಕೂತು ಮುಚ್ಚುತ್ತಿದ್ದಳು. ಯಾಕೆಂದು ನಾನು ಎಂದೂ ಕೇಳಲಿಲ್ಲ.

ಆ ವರ್ಷ ಅವಳು ಹುಟ್ಟಲಿರುವ ಮೊಮ್ಮಗುವಿಗಾಗಿ ಒಂದು ಪುಟ್ಟ ಕೌದಿ ಹೊಲಿದಳು. ಶಿಗ್ಗಾಂವಿಗೆ ಕೊಟ್ಟಿದ್ದ ಮಗಳು ಶಾಂತಾಳಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಇದು ಮೂರನೆಯದು. ಆ ಕೌದಿಯನ್ನು ಕಾಲೇಜಿನ ಪ್ರದರ್ಶನಕ್ಕೆ ಕೊಡು ಎಂದು ನಾನು ನಾಲ್ಕು ದಿನ ಬೆನ್ನು ಹತ್ತಿದೆ. ಕೂಸಿನ ಕೌದಿ ಹೊರಗೆ ಕೊಡಬಾರದು ಎಂದಳು. ಹೆರಿಗೆಗೆ ಇನ್ನೂ ತಿಂಗಳಿದೆ, ಎಂಟು ದಿನದಲ್ಲಿ ತಂದುಕೊಡುತ್ತೇನೆ ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಮಡಚಿ ಕೊಟ್ಟಳು.

ಹಾನಗಲ್ಲಿನಲ್ಲಿ ಅದನ್ನು ಗೋಡೆಗೆ ತೂಗುಹಾಕಲು ಹೋದರೆ ಒಂದು ಮೂಲೆ ಗಂಟಾಗಿ ಉಬ್ಬಿತ್ತು, ಸುತ್ತ ಇರುವೆ. ಹೊಲಿಗೆ ಬಿಚ್ಚಿದೆ. ಒಣಗಿದ ರೊಟ್ಟಿಯ ಚೂರು, ಚಿಟಿಕೆ ಬೆಲ್ಲ. ಹೇಗೋ ಸೇರಿಕೊಂಡ ಕಸವೆಂದುಕೊಂಡು ಝಾಡಿಸಿ, ಮೂಲೆಯನ್ನು ಸಪಾಟಾಗಿ ಹೊಲಿದುಬಿಟ್ಟೆ. ಅಂದು ನನ್ನ ಹೊಲಿಗೆ ಅವಳದಕ್ಕಿಂತ ನೀಟಾಗಿದೆ ಎಂದು ಬೀಗಿದ್ದೂ ಉಂಟು.

ಮೂರನೆಯ ದಿನ ಬೆಳಿಗ್ಗೆ ಅವ್ವ ಫೋನ್ ಮಾಡಿದಳು. ಶಾಂತಾಳಿಗೆ ತಿಂಗಳ ಮೊದಲೇ ನೋವು ಶುರುವಾಗಿ ಶಿಗ್ಗಾಂವಿಯ ದವಾಖಾನೆಗೆ ಸೇರಿಸಿದ್ದರು.

“ನೀಲವ್ವಕ್ಕ ಆ ಕೌದಿ ಈಗಿಂದೀಗ ಬೇಕಂತ ಕುಂತಾಳ. ಲಗೂನ ತೊಗೊಂಡು ಹೋಗು. ಮೂಲ್ಯಾಗ ರೊಟ್ಟಿ ಇಟ್ಟು, ಅದರ ಹೊಟ್ಟಿ ತುಂಬಿಸಿ ಮುಚ್ಯಾಳಂತ. ಕೌದಿ ಹಸಿದಿದ್ರ ಹೊಚ್ಚಿಕೊಂಡವರ ಬಾಳೂ ಹಸೀತೈತಿ ಅಂತಾರ.”

ಬಸ್ಸಿನಲ್ಲಿ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಚಪ್ಪಟೆ ಮೂಲೆಯನ್ನೇ ಒತ್ತುತ್ತ ಕೂತೆ. ಇದೆಲ್ಲ ಮೂಢನಂಬಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡವಳೇ, ಬಂಕಾಪುರದಲ್ಲಿ ಬಸ್ಸು ನಿಂತಾಗ ಒಂದು ಚೂರು ರೊಟ್ಟಿಗಾಗಿ ಇಳಿದು ಖಾನಾವಳಿಯತ್ತ ಓಡಿದೆ. ಬಾಗಿಲು ಇನ್ನೂ ತೆಗೆದಿರಲಿಲ್ಲ. ಕಂಡಕ್ಟರು ಸೀಟಿ ಊದಿದ.

ದವಾಖಾನೆಯ ಬೆಂಚಿನ ಮೇಲೆ ದೊಡ್ಡವ್ವ ಕೂತಿದ್ದಳು. ಒಳಗಿನಿಂದ ಶಾಂತಾಳ ನರಳಾಟ ಕೇಳುತ್ತಿತ್ತು. ನನ್ನ ಕೈಯಿಂದ ಕೌದಿ ಕಸಿದುಕೊಂಡು, ಹೆಬ್ಬೆರಳಿನಿಂದ ಮೂಲೆ ಒತ್ತಿದಳು. ಮತ್ತೊಮ್ಮೆ ಒತ್ತಿದಳು.

“ಇದನ್ನ ಯಾರು ಬಿಚ್ಚಿದ್ರು?”

ಇರುವೆ ಬಂದಿತ್ತು, ಕಸ ಅಂದುಕೊಂಡೆ, ಗೊತ್ತಿರಲಿಲ್ಲ ಎಂದು ತೊದಲಿದೆ.

“ಗೊತ್ತಿಲ್ಲಂದ್ರ ಕೇಳಬೇಕಿತ್ತಲ್ಲ. ಹೊತ್ತೊತ್ತಿಗೂ ಫೋನ್ ಕೈಯಾಗ ಇರ್ತೈತಿ.”

ಹಲ್ಲಿನಿಂದ ನನ್ನ ಹೊಲಿಗೆ ಕಡಿದು, ಮನೆಯಿಂದ ತಂದಿದ್ದ ಬುತ್ತಿ ಬಿಚ್ಚಿ, ರೊಟ್ಟಿಯ ಚೂರು ಮುರಿದು ಒಳಗಿಟ್ಟಳು. ಸೂಜಿದಾರ ಅವಳ ಚೀಲದಲ್ಲೇ ಇರುತ್ತಿತ್ತು. ಆದರೆ ಮೂರು ಸಲ ಪೋಣಿಸಿದರೂ ದಾರ ಸೂಜಿಯ ಕಣ್ಣಿಗೆ ಹೊಗಲಿಲ್ಲ. ನಾನು ಕೈ ಚಾಚಿದೆ. ಸೂಜಿಯನ್ನು ಎದೆಗೊತ್ತಿಕೊಂಡು ಆಚೆ ಸರಿದಳು. ನಾಲ್ಕನೆಯ ಸಲ ದಾರ ಹೊಕ್ಕಿತು. ಅವಳು ಹೊಲಿದು ಮುಗಿಸಿದಳು, ಒಳಗಿನ ನರಳಾಟ ಮುಗಿಯಲಿಲ್ಲ. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು.

ಮಧ್ಯಾಹ್ನ ಎರಡರ ಸುಮಾರಿಗೆ ಕೂಸು ಅತ್ತಿತು. ಹೆಣ್ಣು. ಸಣ್ಣದಿತ್ತು, ದನಿ ಮಾತ್ರ ಗಟ್ಟಿ. ನಾನು ಗೋಡೆಗೊರಗಿ ಅತ್ತುಬಿಟ್ಟೆ. ದೊಡ್ಡವ್ವ ಕೌದಿ ಹಿಡಿದುಕೊಂಡು ಒಳಗೆ ಹೋದಳು.

ಮುಂದೆ ಅವಳು ಸವಣೂರಿನ ಮನೆಗೆ ಬೀಗ ಹಾಕಿ ಮಗಳ ಬಳಿಯೇ ಹೋಗಿ ನಿಂತಳು. ಹೊರಡುವ ದಿನ ಗಂಟುಮೂಟೆ ಕಟ್ಟುತ್ತಿದ್ದವಳ ಎದುರು ಹೋಗಿ ನಿಂತೆ.

“ದೊಡ್ಡವ್ವ, ಕೂಸಿನ್ನ ಒಮ್ಮೆ ಎತ್ಕೊಳ್ಳಾಕ ಬರ್ಲಿ?”

ಅವಳು ಗಂಟು ಬಿಗಿದು ತಲೆಯೆತ್ತಿದಳು. “ಬಾರವ್ವ. ಬಂದಾಕಿ ಉಂಡು ಹೋಗು. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಕೂಸಿಗೆ ಕೌದಿ ಹೊಚ್ಚಿದಾಗ ಮಾತ್ರ ಮುಟ್ಟಬ್ಯಾಡ.”

ಶಿಗ್ಗಾಂವಿ ಒಂದು ತಾಸಿನ ಹಾದಿ. ಕೂಸು ಈಗ ನಡೆಯುತ್ತದಂತೆ. ನಾನಿನ್ನೂ ಹೋಗಿಲ್ಲ.